ಊರು ಮರೆತ ಊರಿನ ಕಾರು

ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಉತ್ತರಕ್ಕೆ ಹೊರಡಿ. ರೈಲು ನೆಲದೊಳಕ್ಕೆ ಇಳಿದು, ಕೃಷ್ಣರಾಜೇಂದ್ರ ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ದಾಟಿ, ಮಲ್ಲೇಶ್ವರದ ಸಂಪಿಗೆ ರಸ್ತೆಯ ಬಳಿ ಮತ್ತೆ ಬೆಳಕಿಗೆ ಬರುತ್ತದೆ. ಅಲ್ಲಿ ಎದುರಿಗೆ ಕಾಣುವ ಭಾರಿ ಮಾಲ್ ನಿಂತಿರುವುದು ಹಳಬರು ‘ರಾಜಾ ಮಿಲ್’ ಎಂದು ಕರೆಯುತ್ತಿದ್ದ ಬಟ್ಟೆ ಗಿರಣಿಯ ನೆಲದ ಮೇಲೆ. ಇನ್ನೂ ಮುಂದೆ ಹೋದರೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ಜಾಗದಲ್ಲಿ ಮತ್ತೊಂದು ಮಾಲ್, ಗಗನಚುಂಬಿ ಕಟ್ಟಡಗಳು. ಅಷ್ಟರಲ್ಲಿ ಧ್ವನಿವರ್ಧಕ ಉಲಿಯುತ್ತದೆ: ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ.

ಒಂದು ಕಾರ್ಖಾನೆಗಾದರೂ ಆ ಭಾಗ್ಯ ದಕ್ಕಿತಲ್ಲ! ಆದರೆ ಇದೇ ದಾರಿಯಲ್ಲಿ, ಯಶವಂತಪುರ ದಾಟಿ ಸಾಗುವ ತುಮಕೂರು ರಸ್ತೆಯಲ್ಲಿ, ಬೆಂಗಳೂರಿನದೇ ಆದ ಒಂದು ಕಾರು ಕಾರ್ಖಾನೆ ಇತ್ತು ಎಂಬುದನ್ನು ಯಾವ ಧ್ವನಿವರ್ಧಕವೂ ಹೇಳುವುದಿಲ್ಲ. ಅಲ್ಲಿಂದ ಹೊರಟ ಕಾರುಗಳು ಬಸವನಗುಡಿಯ ಹೊಂಗೆ ಮರಗಳ ಕೆಳಗೆ ನಿಂತವು, ಮಲ್ಲೇಶ್ವರದ ಏರುಗಳನ್ನು ಹತ್ತಿದವು, ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ತಿರುಗಿದವು. ಆಮೇಲೆ ಸದ್ದಿಲ್ಲದೆ ಮಾಯವಾದವು. ‘ಬಾದಲ್’, ‘ಡಾಲ್ಫಿನ್’, ‘ಮೊಂಟಾನ’ ಎಂಬ ಹೆಸರುಗಳನ್ನು ಹೇಳಿ ನೋಡಿ. ಐವತ್ತು ದಾಟಿದವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ಚಿಕ್ಕವರು, ‘ಅದೇನು ಹೋಟೆಲ್ ಹೆಸರಾ?’ ಎಂದು ಕೇಳುತ್ತಾರೆ.

ಬರಬೇಕಿದ್ದ ಕಾರ್ಖಾನೆ

ಈ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕು. ಬೆಂಗಳೂರಿನಲ್ಲಿ ಕಾರು ತಯಾರಾಗಬೇಕು ಎಂಬ ಕನಸು ಇಂದು ನಿನ್ನೆಯದಲ್ಲ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಸುಮ್ಮನೆ ಕೂರದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ, ಡೆಟ್ರಾಯಿಟ್ ನಗರದ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತೈದರ ಆಸುಪಾಸು ವಯಸ್ಸು! ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸರ್ಕಾರ ಒಲವು ತೋರಿತು. ಆದರೆ ಬ್ರಿಟಿಷ್ ಭಾರತ ಸರ್ಕಾರದಿಂದ ಬೇಕಾದ ಬೆಂಬಲ ಸಿಗಲಿಲ್ಲ. ಅಷ್ಟರಲ್ಲಿ ಎರಡನೇ ಮಹಾಯುದ್ಧ.

ಮುಂದೆ ನಡೆದದ್ದು ವಿಚಿತ್ರ. ಬೆಂಗಳೂರಿಗೆ ಕಾರಿನ ಬದಲು ವಿಮಾನ ಬಂತು! 1940ರ ಡಿಸೆಂಬರಿನಲ್ಲಿ ಅದೇ ವಾಲಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಇಲ್ಲಿ ಸ್ಥಾಪಿಸಿದರು. ಅದೇ ನಮ್ಮ ಎಚ್.ಎ.ಎಲ್.ನ ಮೂಲ. ಅವರ ಕಾರು ಕಂಪೆನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಗಾಂಧಿ ಬಜಾರಿನಲ್ಲಿ ದಶಕಗಳ ಕಾಲ ಓಡಾಡಿದ ‘ಫಿಯಟ್’ ಕಾರುಗಳೆಲ್ಲ ಅಲ್ಲಿಂದಲೇ ಬಂದವು. ನಮ್ಮೂರಿನಲ್ಲಿ ಹುಟ್ಟಬಹುದಾಗಿದ್ದ ಕೂಸನ್ನು ನಾವು ಪರವೂರಿನಿಂದ ತರಿಸಿಕೊಂಡಂತಾಯಿತು.

ಮೋಡ ಕವಿದ ಮೂರು ಚಕ್ರ

ಮತ್ತೆ ಬೆಂಗಳೂರಿನಲ್ಲಿ ಕಾರಿನ ಮಾತು ಕೇಳಿಬಂದದ್ದು 1970ರ ದಶಕದಲ್ಲಿ. ಆಗ ದೇಶದಲ್ಲಿ ಕಾರು ಎಂದರೆ ಅಂಬಾಸಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್, ಅಷ್ಟೇ. ಲೈಸೆನ್ಸು, ಪರ್ಮಿಟ್ಟುಗಳ ಕಾಲ ಅದು. ಎಷ್ಟು ಕಾರು ಮಾಡಬೇಕು ಎಂಬುದನ್ನು ದೆಹಲಿ ಹೇಳಬೇಕಿತ್ತು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಮಧ್ಯಮ ವರ್ಗಕ್ಕೆ ಎಟಕುವ ಸಣ್ಣ ಕಾರು ಬೇಕೆಂಬ ಚರ್ಚೆ ದೇಶದ ತುಂಬ ನಡೆದಿತ್ತು.

ಅಂಥ ಹೊತ್ತಿನಲ್ಲಿ, 1974ರಲ್ಲಿ, ಮೊದಲು ‘ಸನ್‌ರೈಸ್’ ಎಂಬ ಹೆಸರಿನಲ್ಲಿ ಹುಟ್ಟಿ ಆಮೇಲೆ ‘ಸಿಪಾನಿ ಆಟೊಮೊಬೈಲ್ಸ್’ ಆದ ಕಂಪೆನಿ ಬೆಂಗಳೂರಿನಲ್ಲಿ ಕಣ್ಣು ಬಿಟ್ಟಿತು. ಅದರ ಮೊದಲ ಕೂಸು ‘ಬಾದಲ್’. ಹಿಂದಿಯಲ್ಲಿ ಮೋಡ ಎಂದರ್ಥ. ಮುಂದೆ ಒಂದು ಚಕ್ರ, ಹಿಂದೆ ಎರಡು, ಹಿಂಭಾಗದಲ್ಲಿ 198 ಸಿ.ಸಿ.ಯ ಪುಟ್ಟ ಟೂ ಸ್ಟ್ರೋಕ್ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. ಆಟೊರಿಕ್ಷಾಕ್ಕೆ ಬಾಗಿಲು, ಗಾಜು ಹಾಕಿ ಗೌರವಸ್ಥನನ್ನಾಗಿ ಮಾಡಿದಂತಿತ್ತು ಎಂದರೆ ಅದರ ಅಭಿಮಾನಿಗಳು ಕೋಪಿಸಿಕೊಳ್ಳಬಾರದು! ಮಳೆಯಲ್ಲಿ ನೆನೆಯದೆ ಸಂಸಾರ ಸಮೇತ ಹೋಗಿಬರಲು ಸ್ಕೂಟರಿಗಿಂತ ಮೇಲು, ಕಾರಿಗಿಂತ ಅಗ್ಗ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಮುಂದೆ ನಾಲ್ಕು ಚಕ್ರದ ಬಾದಲ್ ಕೂಡ ಬಂತು.

ಮೂರು ಚಕ್ರದ ಕಾರು ನಮಗೆ ತಮಾಷೆಯಾಗಿ ಕಂಡರೂ ಇಂಗ್ಲೆಂಡಿನಲ್ಲಿ ಅದಕ್ಕೆ ದೊಡ್ಡ ಸಂಪ್ರದಾಯವೇ ಇತ್ತು. ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪೆನಿ ಫೈಬರ್ ಮೈಯ ಮೂರು ಚಕ್ರದ ಕಾರುಗಳಿಗೇ ಹೆಸರಾಗಿತ್ತು. ಟಿ.ವಿ.ಯಲ್ಲಿ ಮಿಸ್ಟರ್ ಬೀನ್ ನೋಡಿದವರಿಗೆ, ಅವನ ಕಾರಿಗೆ ಪದೇ ಪದೇ ಎದುರಾಗಿ ಪಾಪ ಪಲ್ಟಿ ಹೊಡೆಯುವ ನೀಲಿ ಬಣ್ಣದ ಮೂರು ಚಕ್ರದ ವಾಹನ ನೆನಪಿರಬೇಕು. ಅದು ರಿಲಯಂಟ್ ಕಂಪೆನಿಯದು. ಇದೇ ಕಂಪೆನಿ 1975ರಲ್ಲಿ ‘ಕಿಟನ್’ ಎಂಬ ನಾಲ್ಕು ಚಕ್ರದ ಸಣ್ಣ ಕಾರನ್ನೂ ಹೊರತಂದಿತ್ತು. ಆ ಬೆಕ್ಕಿನಮರಿ ಬೆಂಗಳೂರಿಗೆ ಬಂದು ಮೀನಾಯಿತು. 1982ರಲ್ಲಿ ತುಮಕೂರು ರಸ್ತೆಯಿಂದ ಹೊರಬಿದ್ದ ‘ಡಾಲ್ಫಿನ್’ ಅದರದೇ ರೂಪ.

ಬಡಿದರೆ ‘ಟಕ್’ ಎನ್ನುವ ಕಾರು

ನಾವು ಹುಡುಗರಾಗಿದ್ದಾಗ ನಮ್ಮ ಬೀದಿಯಲ್ಲೂ ಒಂದು ಡಾಲ್ಫಿನ್ ಇತ್ತು. ಕ್ರಿಕೆಟ್ ಚೆಂಡು ತಗುಲಿದರೆ ಫಿಯಟ್ಟಿನಿಂದ ‘ಟಣ್’ ಎಂದು ಸದ್ದು ಬರುತ್ತಿತ್ತು, ಇದರಿಂದ ‘ಟಕ್’. ಹಲಗೆ ಬಡಿದಂತೆ. ಆ ಸದ್ದಿನ ವ್ಯತ್ಯಾಸ ಕೇಳುವುದಕ್ಕೆಂದೇ ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಬಾಗಿಲು ತಟ್ಟುತ್ತಿದ್ದೆವು. ಒಂದು ದಿನ ಕಾರಿನ ಯಜಮಾನರಾದ ಮೇಷ್ಟ್ರು ಜಗುಲಿಯಿಂದಲೇ, ‘ಏನ್ರೋ, ಎಷ್ಟು ತಟ್ಟಿದ್ರೂ ಅದರೊಳಗೆ ಯಾರೂ ಇಲ್ಲ ಕಣ್ರೋ’ ಎಂದರು. ‘ತಪ್ಪಾಯ್ತು ಸಾರ್’ ಎಂದು ಓಡಿದೆವು. ಮಾರನೆಯ ದಿನ ಮತ್ತೆ ತಟ್ಟಿದೆವು.

ಆ ‘ಟಕ್’ ಸದ್ದಿನಲ್ಲೇ ಕಾರ್ಖಾನೆಯ ಕಥೆಯೆಲ್ಲ ಅಡಗಿದೆ. ಕಾರಿಗೆ ಉಕ್ಕಿನ ಮೈ ಬೇಕೆಂದರೆ ತಗಡನ್ನು ಒತ್ತಿ ಆಕಾರ ಕೊಡುವ ದೈತ್ಯ ಪ್ರೆಸ್ಸುಗಳು ಬೇಕು. ಒಂದೊಂದು ಭಾಗಕ್ಕೂ ಬೇರೆ ಬೇರೆ ಅಚ್ಚು, ಅದೂ ಗಟ್ಟಿ ಉಕ್ಕಿನದು. ಇದಕ್ಕೆ ಕೋಟಿಗಟ್ಟಲೆ ಬಂಡವಾಳ. ಲಕ್ಷಾಂತರ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಫೈಬರ್ ಗ್ಲಾಸಿಗೆ ಈ ಗೋಜಿಲ್ಲ. ಅಚ್ಚಿನ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ಅಂಟಿನಂಥ ರಾಳ ಬಳಿದು, ಮತ್ತೊಂದು ಪದರ ಹಾಸಿ, ಮತ್ತೆ ರಾಳ ಬಳಿದು, ಗಟ್ಟಿಯಾಗಲು ಬಿಟ್ಟರಾಯಿತು. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿ, ಅಂಚು ಉಜ್ಜಿ, ಬಣ್ಣ ಹೊಡೆದರೆ ಕಾರಿನ ಮೈ ಸಿದ್ಧ. ಕಡಿಮೆ ದುಡ್ಡಿನಲ್ಲಿ ಕಾರ್ಖಾನೆ ಆರಂಭಿಸಬಹುದು.

ಆದರೆ ಇದರ ಇನ್ನೊಂದು ಮುಖವೂ ಇದೆ. ಪ್ರೆಸ್ಸು ನಿಮಿಷದಲ್ಲಿ ಒಂದು ಬಾಗಿಲು ಒತ್ತಿ ಎಸೆದರೆ, ಫೈಬರ್ ಒಣಗುವುದಕ್ಕೆ ಗಂಟೆಗಟ್ಟಲೆ ಕಾಯಬೇಕು. ಎಲ್ಲವೂ ಕೈಕೆಲಸ. ಹಪ್ಪಳ ಒಣಗಿಸಿದ ಹಾಗೆ, ಅವಸರಪಟ್ಟರೆ ಕೆಡುತ್ತದೆ. ಹತ್ತು ಕಾರು ಮಾಡುವಾಗ ಲಾಭವಾಗುವ ವಿಧಾನ, ಹತ್ತು ಸಾವಿರ ಮಾಡಬೇಕಾದಾಗ ಕಾಲಿಗೆ ತೊಡಕಾಗುತ್ತದೆ.

ಹಾಗೆಂದು ಡಾಲ್ಫಿನ್ ಸಾಧಾರಣ ಕಾರೇನಲ್ಲ. 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಅದೂ ಹಗುರವಾದ ಅಲ್ಯುಮಿನಿಯಂನದು. ಮೈಯೂ ಹಗುರ. ಹೀಗಾಗಿ ಷೋಳಾವರದ ಓಟದ ಕಣದಲ್ಲೂ ರ‍್ಯಾಲಿಗಳಲ್ಲೂ ಈ ಪುಟ್ಟ ಕಾರು ದೊಡ್ಡ ದೊಡ್ಡ ಕಾರುಗಳ ಬೆವರಿಳಿಸಿತು. ಎಂಜಿನ್ ಹದಗೊಳಿಸಿ ಓಟಕ್ಕೆ ಅಣಿ ಮಾಡುವ ಉತ್ಸಾಹಿ ಹುಡುಗರಿಗೆ ಅದು ಅಚ್ಚುಮೆಚ್ಚು. ಅದಕ್ಕೆ ತುಕ್ಕು ಹಿಡಿಯುವ ಭಯವೂ ಇರಲಿಲ್ಲ. ಇದ್ದದ್ದು ಎರಡೇ ಬಾಗಿಲು. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನವರು ಇಳಿಯಬೇಕು. ಸೀರೆಯುಟ್ಟ ಅಜ್ಜಿಯರನ್ನು ಹಿಂದಕ್ಕೆ ಕೂರಿಸುವುದು ಒಂದು ಸಾಹಸವೇ ಆಗಿತ್ತು. ನಮ್ಮ ಅವಿಭಕ್ತ ಕುಟುಂಬಗಳಿಗೆ ಎರಡು ಬಾಗಿಲಿನ ಕಾರು ಹೇಳಿಸಿದ್ದಲ್ಲ. ಕಂಪೆನಿಗೂ ಇದು ಅರ್ಥವಾಗಿರಬೇಕು. ಮುಂದೆ 1987ರ ಸುಮಾರಿಗೆ ಹೆಚ್ಚು ಬಾಗಿಲುಗಳ ‘ಮೊಂಟಾನ’ ಬಂತು.

ಮಾರುತಿಯ ಹಾರಾಟ

ಅಷ್ಟರಲ್ಲಿ ಆಟವೇ ಬದಲಾಗಿತ್ತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಗ್ರಾಹಕರ ಕೈಸೇರಿತು. ಬೆನ್ನಿಗೆ ಕೇಂದ್ರ ಸರ್ಕಾರ, ಹೆಗಲಿಗೆ ಜಪಾನಿನ ಸುಜುಕಿ. ನಾಲ್ಕು ಬಾಗಿಲು, ಉಕ್ಕಿನ ಮೈ, ಹತ್ತಿದರೆ ತಕರಾರಿಲ್ಲದೆ ಓಡುವ ಎಂಜಿನ್, ಊರೂರಿಗೂ ಸರ್ವಿಸ್. ಡಾಲ್ಫಿನ್ ಬಂದು ಹೆಚ್ಚು ಕಾಲವೂ ಆಗಿರಲಿಲ್ಲ. ಅಡಿಗೆ ಬಡಿಸುವಷ್ಟರಲ್ಲಿ ಎಲೆ ಎತ್ತಿದ ಹಾಗಾಯಿತು.

ಇದು ಸಾಮರ್ಥ್ಯದ ಸೋಲೆಂದು ಹೇಳುವುದು ಸುಲಭ. ಅಷ್ಟೇ ಅಲ್ಲ. ಪೈಪೋಟಿ ಇಲ್ಲದ ಮಾರುಕಟ್ಟೆಯನ್ನು ನಂಬಿ ಹುಟ್ಟಿದ ಸಣ್ಣ ಕಾರ್ಖಾನೆ, ಎಲ್ಲ ಸವಲತ್ತಿದ್ದ ದೊಡ್ಡ ಕಾರ್ಖಾನೆಯ ಎದುರು ನಿಲ್ಲಬೇಕಾಗಿ ಬಂತು. ಸಿಪಾನಿ ಕೈಚೆಲ್ಲಿ ಕೂರಲಿಲ್ಲ ಎಂಬುದನ್ನು ಮರೆಯಬಾರದು. ಡೀಸೆಲ್ ಎಂಜಿನ್ನಿನ ಪ್ರಯೋಗ ಮಾಡಿತು. 1990ರ ದಶಕದ ಮಧ್ಯಭಾಗದಲ್ಲಿ, ಉದಾರೀಕರಣದ ಗಾಳಿ ಬೀಸಿದಾಗ, ಇಂಗ್ಲೆಂಡಿನ ‘ರೋವರ್ ಮೊಂಟೆಗೊ’ ಎಂಬ ದೊಡ್ಡ ಕಾರನ್ನು ಇಲ್ಲಿ ಜೋಡಿಸಿ ಮಾರಲು ಹೊರಟಿತು. ಆದರೆ ಆ ಹೊತ್ತಿಗೆ ಇಂಗ್ಲೆಂಡಿನಲ್ಲೇ ಮೊಂಟೆಗೊ ಹಳೆಯ ಸರಕಾಗಿತ್ತು. ಬೆಲೆ ದುಬಾರಿ, ಎದುರಿಗೆ ಹೊಸ ಹೊಸ ವಿದೇಶಿ ಕಾರುಗಳು. ದಶಕ ಮುಗಿಯುವ ಹೊತ್ತಿಗೆ ಸಿಪಾನಿಯ ಕಾರು ತಯಾರಿಕೆ ನಿಂತುಹೋಗಿತ್ತು. ಬೀಜ ಕೊಟ್ಟ ರಿಲಯಂಟ್ ಕೂಡ 2000ರ ದಶಕದ ಆರಂಭದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ರೋವರ್ 2005ರಲ್ಲಿ ಮುಳುಗಿತು. ಮಾರುತಿಗೆ ಮೊದಲು ಮಹಾರಾಜನಂತೆ ಮೆರೆದ ಅಂಬಾಸಡರ್ ಕೂಡ 2014ರಲ್ಲಿ ಕೊನೆಯುಸಿರೆಳೆಯಿತು.

ಜೆ.ಸಿ. ರಸ್ತೆಯ ವೈದ್ಯರು

ಕಾರ್ಖಾನೆ ಮುಚ್ಚಿದ ಮೇಲೆ ಕಾರುಗಳ ಗತಿ? ತಾಯಿ ಇಲ್ಲದ ಮಕ್ಕಳ ಗತಿಯೇ. ಬೇರೆ ಊರಿನಲ್ಲಾಗಿದ್ದರೆ ಅವು ಇನ್ನೂ ಬೇಗ ಕಣ್ಮುಚ್ಚುತ್ತಿದ್ದವೇನೋ. ಆದರೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಇತ್ತು! ಪುರಭವನದಿಂದ ಮಿನರ್ವ ವೃತ್ತದವರೆಗೆ ಸಾಲುಗಟ್ಟಿದ ಬಿಡಿಭಾಗಗಳ ಅಂಗಡಿಗಳು, ಹಿಂದೆ ಕಲಾಸಿಪಾಳ್ಯದ ಗ್ಯಾರೇಜುಗಳು, ಪಕ್ಕದಲ್ಲಿ ಎಸ್.ಜೆ.ಪಿ. ರಸ್ತೆಯ ಗುಜರಿ. ಕಂಪೆನಿಯ ಬಾಗಿಲು ಮುಚ್ಚಿದರೂ ಇವರ ಅಂಗಡಿಯ ಬಾಗಿಲು ತೆರೆದೇ ಇತ್ತು.

ಅನಾಥ ಕಾರಿಗೆ ಬಿಡಿಭಾಗ ಹುಡುಕುವುದೇ ಒಂದು ವಿದ್ಯೆ. ಕಾರಿನ ಹೆಸರು ಹೇಳಿ ಕೇಳಿದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲೆ ಇಡಬೇಕು. ಬೇರಿಂಗಿನ ಮೇಲೆ ಅದರ ಸಂಖ್ಯೆ ಕೆತ್ತಿರುತ್ತದೆ. ಅದೇ ಸಂಖ್ಯೆಯದು ಯಾವುದೋ ಟ್ರ್ಯಾಕ್ಟರಿನಲ್ಲೋ ಟೆಂಪೊದಲ್ಲೋ ಇರುತ್ತದೆ. ಆಯಿಲ್ ಸೀಲನ್ನು ಅಳತೆ ನೋಡಿ ಹೊಂದಿಸಬಹುದು. ಕ್ಲಚ್ಚಿನ ತಟ್ಟೆಗೆ, ಬ್ರೇಕಿಗೆ ಹೊಸ ಪಟ್ಟಿ ಬಡಿಸಬಹುದು. ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಿ ಕೊಡುವವರಿದ್ದಾರೆ. ಸಿಗದ ಲೋಹದ ಭಾಗವನ್ನು ಲೇತ್ ಮೇಲೆ ತಿರುಗಿಸಿ ಕೊಡುವವರಿದ್ದಾರೆ. ಒಡೆದ ಬಂಪರಿಗೆ ಸ್ವಲ್ಪ ಗಾಜಿನ ನಾರು, ಸ್ವಲ್ಪ ರಾಳ ಸಾಕು. ವಿಶ್ವೇಶ್ವರಯ್ಯನವರು ಕಂಡ ಡೆಟ್ರಾಯಿಟ್ ಇಲ್ಲಿಗೆ ಬರಲಿಲ್ಲ, ನಿಜ. ಆದರೆ ಎಲ್ಲೋ ಸತ್ತ ಕಾರನ್ನು ಇಲ್ಲಿ ಬದುಕಿಸುವ ಕೈಗಳು ಚಾಮರಾಜಪೇಟೆಯ ಮಗ್ಗುಲಲ್ಲೇ ಬೆಳೆದವು. ನನ್ನನ್ನು ಕೇಳಿದರೆ, ಇದೂ ಒಂದು ಕೈಗಾರಿಕೆಯೇ. ಇದಕ್ಕೆ ನಾಮಫಲಕವಿಲ್ಲ ಅಷ್ಟೆ.

ಒಂದು ವಿಪರ್ಯಾಸ ನೋಡಿ. ಉಕ್ಕಿನ ಫಿಯಟ್ ಗುಜರಿಗೆ ಹೋದರೆ ಕರಗಿ, ಇನ್ನಾವುದೋ ಕಂಬಿಯಾಗಿ ಮರುಹುಟ್ಟು ಪಡೆಯುತ್ತದೆ. ಫೈಬರ್ ಗ್ಲಾಸ್ ಕರಗುವುದಿಲ್ಲ. ಒಮ್ಮೆ ಗಟ್ಟಿಯಾದ ರಾಳ ಮತ್ತೆ ಮೆತ್ತಗಾಗದು. ಎಂಜಿನ್ನು, ಗೇರ್‌ಬಾಕ್ಸು, ಚಕ್ರಗಳನ್ನು ಕಿತ್ತುಕೊಂಡ ಗುಜರಿಯವರಿಗೆ ಆ ಮೈ ಬೇಡ. ತುಕ್ಕು ಹಿಡಿಯದ್ದರಿಂದ ಅದು ಮಣ್ಣಿಗೂ ಸೇರದು. ಉಕ್ಕಿನ ಕಾರಿನ ಆತ್ಮ, ದೇಹ ಎರಡೂ ಹೋಗುತ್ತವೆ. ಇದರದು ಆತ್ಮ ಹೋದ ಮೇಲೂ ದೇಹ ಉಳಿಯುತ್ತದೆ.

ಎರಡನೆಯ ಕೂಸು

ಬೆಂಗಳೂರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1994ರಲ್ಲಿ ಆರಂಭವಾದ ರೇವಾ ಕಂಪೆನಿ, 2001ರಲ್ಲಿ ಬ್ಯಾಟರಿಯಿಂದ ಓಡುವ ಪುಟ್ಟ ಕಾರನ್ನು ಬೊಮ್ಮಸಂದ್ರದಿಂದ ಹೊರತಂದಿತು. ಅದಕ್ಕೂ ಎರಡೇ ಬಾಗಿಲು! ಅದರ ಮೈಯೂ ಉಕ್ಕಿನದಲ್ಲ, ಪ್ಲಾಸ್ಟಿಕ್ಕಿನದು. ಅದೂ ಸಣ್ಣ ಬಂಡವಾಳದ, ದೊಡ್ಡ ಕನಸಿನ ಕಾರು. ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿದ ಅದನ್ನು ಊರಿನ ಜನ ನೋಡಿ ನಕ್ಕದ್ದೂ ಉಂಟು. 2010ರಲ್ಲಿ ಕಂಪೆನಿ ಮಹೀಂದ್ರದ ಕೈಸೇರಿತು. ಹಳೆಯ ರೇವಾ ನಿಂತಿತು. ಈಗ ವಿದ್ಯುತ್ ಕಾರು, ವಿದ್ಯುತ್ ಬಸ್ಸು, ವಿದ್ಯುತ್ ಸ್ಕೂಟರು ಎಲ್ಲೆಡೆ ಕಾಣುವಾಗ, ಆ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಯಾರು ಎಂದು ಕೇಳುವವರು ಕಡಿಮೆ. ಮೊದಲು ನಡೆದವರ ಕಾಲಿಗೇ ಮುಳ್ಳು ಹೆಚ್ಚು ಚುಚ್ಚುವುದು.

ಐವತ್ತು ತುಂಬುವ ಮುನ್ನ

ಇದೆಲ್ಲ ಈಗೇಕೆ ಎಂದು ನೀವು ಕೇಳಬಹುದು. ಕಾರಣ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ಬಗ್ಗೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರಿಗೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ. ಬಾದಲ್ ಕಾರುಗಳಿಗೆ ಆ ವಯಸ್ಸು ಬಂದಿದೆ, ಬರುತ್ತಿದೆ. ಮೊದಲ ಡಾಲ್ಫಿನ್‌ಗಳಿಗೆ ಅದು 2032ರಲ್ಲಿ ಬರುತ್ತದೆ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿನಲ್ಲಿ ಪರಂಪರೆಯಲ್ಲ, ಬರೀ ಹಳೆಯ ಗಾಡಿಗಳು. ಮತ್ತೆ ಮತ್ತೆ ಯೋಗ್ಯತಾ ಪತ್ರ, ಮತ್ತೆ ಮತ್ತೆ ಶುಲ್ಕ. ಇಷ್ಟು ದಿನ ಬದುಕಿದ ಕಾರು ಇನ್ನು ಕೆಲವು ವರ್ಷ ಬದುಕೀತೇ ಎಂಬುದೇ ಪ್ರಶ್ನೆ.

ಮಹಾರಾಜರ ರೋಲ್ಸ್ ರಾಯ್ಸುಗಳಿಗೆ ಮುದ್ದು ಮಾಡುವವರಿದ್ದಾರೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸೊಗಸಾದ ಸಂಗ್ರಹವೇ ಇದೆ. ಮೇಷ್ಟ್ರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ಸಾಲ ಮಾಡಿ ಕೊಂಡ, ಬೆಂಗಳೂರಿನ ಕೆಲಸಗಾರರ ಕೈಗಳು ಪದರ ಪದರವಾಗಿ ಹಾಸಿ ಮಾಡಿದ ಕಾರಿಗೆ ಅಂಥ ಮುದ್ದು ಸಿಗುವುದು ಕಷ್ಟ. ಎಚ್.ಎಂ.ಟಿ. ಗಡಿಯಾರವನ್ನಾದರೆ ಮೇಜಿನ ಖಾನೆಯಲ್ಲಿ ಬಚ್ಚಿಡಬಹುದು. ಕಾರಿಗೆ ಅಂಗಳ ಬೇಕು. ಬಸವನಗುಡಿಯಲ್ಲಿ ಈಗ ಅಂಗಳಗಳೆಲ್ಲಿ ಉಳಿದಿವೆ? ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವ ದಿನ ಮೊದಲು ಹೊರಡುವುದೇ ಮೂಲೆಯಲ್ಲಿ ನಿಂತ ಹಳೆಯ ಗಾಡಿ.

ಗಾಡಿ ಉಳಿಸಲಾಗದಿದ್ದರೂ ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ‘ಸಿಎ’ ಎಂದು ಆರಂಭವಾಗುವ ಹಳೆಯ ನೋಂದಣಿ ಸಂಖ್ಯೆಯ ಆರ್.ಸಿ. ಪುಸ್ತಕ ಇರಬಹುದು. ಕಾರಿನ ಜೊತೆ ಕೊಟ್ಟ ಕೈಪಿಡಿ ಇರಬಹುದು. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ನಿಂಬೆಹಣ್ಣು ಇಟ್ಟು, ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸಿದ ಫೋಟೊ ಇರಬಹುದು. ಹಳೇ ಪೇಪರಿನವರಿಗೆ ಹಾಕುವ ಮುನ್ನ ಒಮ್ಮೆ ನೋಡಿ. ಹಿಂದೆ ಇಸವಿ ಬರೆಯಿರಿ, ನಿಂತವರ ಹೆಸರು ಬರೆಯಿರಿ, ಕಾರಿನ ಹೆಸರನ್ನೂ ಬರೆಯಿರಿ. ಅಲ್ಲಿ ಕೆಲಸ ಮಾಡಿದವರು ನಿಮ್ಮ ಬೀದಿಯಲ್ಲೇ ಇದ್ದರೆ, ಒಂದು ಸಂಜೆ ಕಾಫಿಗೆ ಕರೆದು ಆ ದಿನಗಳ ಕಥೆ ಕೇಳಿ ಬರೆದಿಡಿ. ಕಾರ್ಖಾನೆಯ ದಾಖಲೆ ಕಟ್ಟಡದಲ್ಲಿ ಉಳಿಯದಿದ್ದಾಗ ಜನರ ಬಾಯಲ್ಲಿ ಉಳಿಯುತ್ತದೆ. ಆದರೆ ಬಾಯಿಗೂ ವಯಸ್ಸಾಗುತ್ತದೆ.

ಮೇಷ್ಟ್ರ ಮನೆ ಇದ್ದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಸಾಲಾಗಿ ನಿಂತ ಹೊಸ ಕಾರುಗಳು. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಯಾರೂ ಇಲ್ಲದ್ದು ನೋಡಿ ಒಂದರ ಬಾಗಿಲು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ‘ಟಣ್’ ಎಂದಿತು.